ಎಂಟು ಹಾಡು, ಆಮೇಲೆ ಎರಡು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ಹಿಂದಿನಿಂದ ಆಡಿಕೊಳ್ಳುವ ಹಾಗಿಲ್ಲ. ಕಲ್ಯಾಣದುರ್ಗದ ಒಬ್ಬ ಹೆಂಗಸಿನ ಮೇಲೆ ಒಂದು ಕ್ಯಾಸೆಟ್ಟಿನ ದೆಸೆಯಿಂದ ಹತ್ತಿಕೊಂಡ ಕಿಚ್ಚು ಇಷ್ಟು ವರ್ಷವಾದರೂ ಆರಿಲ್ಲ. ಆರಿಸೋಣ ಅಂತ ನಾನು ಒಂದು ಚೊಂಬು ನೀರೂ ಹಾಕಿಲ್ಲ.

ನಾನು ಪರಿಗಿ ಕಡೆಯ ಹಳ್ಳಿಯವಳು. ಹಿಂದೂಪುರಕ್ಕೆ ಸೊಸೆಯಾಗಿ ಬಂದೆ. ಗಂಡ ಬೆಲ್ಲದ ಮಂಡಿಯಲ್ಲಿ ಗುಮಾಸ್ತ. ಸಂಜೆ ಅವರು ಮನೆಗೆ ಬಂದರೆ ಹಿಂದೆಯೇ ನೊಣಗಳೂ ಬರುತ್ತಿದ್ದವು. ಅತ್ತೆಗೆ ಕಿವಿ ಮಂದ, ಅದೂ ಅವರಿಗೆ ಬೇಡವಾದ ಮಾತಿಗೆ ಮಾತ್ರ. ಇನ್ನೊಬ್ಬಳು ನನ್ನ ನಾದಿನಿ, ಗಂಡನ ತಂಗಿ. ನಾನು ಬಂದಾಗ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು.

ನಾನು ಪಾತ್ರೆ ತೊಳೆಯುವಾಗ ಹಾಡಿಕೊಳ್ಳುವವಳು. ಒಂದು ದಿನ ಈ ಹುಡುಗಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನ ದನಿಯ ಕೆಳಗೆ ತನ್ನ ದನಿ ಸೇರಿಸಿದಳು. ಯಾರೂ ಹೇಳಿಕೊಟ್ಟಿದ್ದಲ್ಲ. ನಾನು ಮೇಲೆ ಹೋದರೆ ಅವಳು ಕೆಳಗೇ ನಿಂತು ಕಾಯುತ್ತಿದ್ದಳು, ನಾನು ಇಳಿದು ಬಂದರೆ ಜೊತೆ ಸೇರುತ್ತಿದ್ದಳು. ನನ್ನ ಹಾಡು ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತಾದದ್ದೇ ಆವತ್ತು. ಆ ಮನೆಯಲ್ಲಿ ಮಂಚ ಅವರದು, ಪಾತ್ರೆ ಅವರದು, ಗಂಡ ಕೂಡ ಅವರಮ್ಮನ ಮಗ. ನನ್ನದು ಅಂತ ಏನಾದರೂ ಇದ್ದರೆ ಅದು ಆ ಹುಡುಗಿಯ ಕೆಳದನಿ.

ಕ್ಯಾಸೆಟ್ಟು ಬಂದದ್ದು ತೊಂಬತ್ತರ ಆಚೀಚೆ. ಹಿಂದೂಪುರ ಆಂಧ್ರಕ್ಕೆ ಸೇರಿದ್ದು, ಅಂಗಡಿಗಳ ತುಂಬ ತೆಲುಗು ಕ್ಯಾಸೆಟ್ಟು. ಕನ್ನಡದ್ದು ಬೇಕಾದರೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ಸಿಗುತ್ತಿತ್ತು, ಅದೂ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಬಗ್ಗಿ ಹುಡುಕಬೇಕು. ಅಂಗಡಿಯವನು ಒಂದು ಸಲ ತಾನೇ ಕರೆದ.

“ಅಕ್ಕಾ, ಕೊತ್ತದಿ, ಹೊಸಾದು ಬಂದೈತೆ ನೋಡು. ಬೆಂಗ್ಳೂರಿನ ಆಯಮ್ಮ. ಪಾಪ್ ಅಂತೆ.”

ಮುಚ್ಚಳದ ಮೇಲಿನ ಫೋಟೋದಲ್ಲಿ ಹಾಡುಗಾರ್ತಿ ಪ್ಯಾಂಟು ಹಾಕಿಕೊಂಡು, ತಲೆ ತುಂಬ ಮಲ್ಲಿಗೆ ಮುಡಿದುಕೊಂಡು, ಒಂದು ಮೋಟಾರ್ ಸೈಕಲ್ಲಿಗೆ ಒರಗಿ ನಿಂತಿದ್ದಳು. ಪ್ಯಾಂಟಿಗೂ ಮಲ್ಲಿಗೆಗೂ ಎಲ್ಲಿಯ ಸಂಬಂಧ ಅಂತ ಅತ್ತೆ ಕೇಳಿದರು. ಹಾಡೂ ಹಾಗೆಯೇ ಇದ್ದವು. ಕಳೆ ಕೀಳುವಾಗ ಹಾಡುವಂಥ ಧಾಟಿ, ಅದಕ್ಕೆ ಗಿಟಾರು, ಡ್ರಮ್ಮು. ಆ ಕಡೆ ನಾಲ್ಕು, ಈ ಕಡೆ ನಾಲ್ಕು, ಒಟ್ಟು ಎಂಟು. ಪ್ರತಿಯೊಂದರಲ್ಲೂ ಆಯಮ್ಮನ ದನಿಯ ಕೆಳಗೆ ಇನ್ನೊಂದು ಹೆಣ್ಣುದನಿ ಇತ್ತು. ಅದನ್ನು ಕೇಳಿದ್ದೇ ತಡ ನಾದಿನಿ ನನ್ನ ಕೈ ಹಿಡಿದುಕೊಂಡು, “ಅತ್ಗೇ, ಇದು ನಾವೇ ಕಣೇ!” ಅಂದಳು.

ನಾವೇ ಆದೆವು. ಟೇಪ್ ರೆಕಾರ್ಡರಿನ ಗುಂಡಿ ಸವೆಯುವವರೆಗೂ ಕೇಳಿ ಎಂಟನ್ನೂ ಕಲಿತೆವು. ಯಾರ ಮನೆಯಲ್ಲಿ ಅರಿಶಿನ ಹಚ್ಚಲಿ, ಯಾರ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಲಿ, ನಮಗೆ ಕರೆ ಬರುತ್ತಿತ್ತು. “ಅತ್ತಿಗೆ ನಾದಿನೀರು ಬರ್ತಾರಾ?” ಅಂತಲೇ ಕೇಳುತ್ತಿದ್ದರು. ಒಬ್ಬಳನ್ನೇ ಯಾರೂ ಕರೆದದ್ದಿಲ್ಲ. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಅನ್ನುವ ಊರಲ್ಲಿ ನಮ್ಮನ್ನು ನೋಡಿ ನಾಲ್ಕು ಜನ ಹೊಟ್ಟೆ ಉರಿದುಕೊಂಡರು. ಉರಿದುಕೊಳ್ಳಲಿ ಅಂತ ನಾನೂ ಇನ್ನಷ್ಟು ಒತ್ತಿ ಕೂತು ಹಾಡುತ್ತಿದ್ದೆ.

ಅವಳಿಗೆ ಕಲ್ಯಾಣದುರ್ಗದ ಸಂಬಂಧ ಬಂತು. ಹುಡುಗನಿಗೆ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ. ಒಳ್ಳೆಯ ಹುಡುಗ, ಅವನ ಮೇಲೆ ನನ್ನದೇನೂ ದೂರಿಲ್ಲ. ಹೆಣ್ಣು ನೋಡಲು ಅವನ ಜೊತೆ ಅವನ ಅಕ್ಕ ಬಂದಿದ್ದಳು. ನನ್ನ ವಾರಿಗೆಯವಳು. ಅವಳ ಗಂಡ ಲಾರಿ ಡ್ರೈವರು, ತಿಂಗಳುಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಅದಕ್ಕೆ ಅವಳು ತವರಿನಲ್ಲೇ ಇದ್ದಳು. ಹುಡುಗಿಗೆ ಒಂದು ಹಾಡು ಹೇಳು ಅಂದರು. ನಾದಿನಿ ತಲೆ ಎತ್ತದೆ, “ಅತ್ಗೆ ಇಲ್ದೆ ನಾನು ಹಾಡಲ್ಲ” ಅಂದಳು. ನನ್ನ ಎದೆ ಒಂದು ಗೇಣು ಉಬ್ಬಿತು.

ಇಬ್ಬರೂ ಹಾಡಿದೆವು. ಹಾಡುತ್ತಾ ನೋಡುತ್ತೇನೆ, ಆ ಅಕ್ಕನ ತುಟಿಯೂ ಆಡುತ್ತಿದೆ. ಒಂದಕ್ಷರ ತಪ್ಪಿಲ್ಲ.

“ನಾನೂ ಆಯಮ್ಮನ್ನ ಬಿಟ್ಟು ಬೇರೆ ಯಾರ ಹಾಡೂ ಕೇಳಾಕಿಲ್ಲ ಕಣಮ್ಮ” ಅಂದಳು ಕೊನೆಗೆ. ಆಮೇಲೆ ನಾದಿನಿಯ ಗಲ್ಲ ಹಿಡಿದು, “ನಮ್ಮನೆಗೆ ಬಾ, ಇಬ್ಬರೂ ಸೇರಿ ಹಾಡಾನ” ಅಂದಳು. ನೋಡಿ, ಅಷ್ಟೇ. ಅಲ್ಲಿಂದಲೇ ನನಗೆ ಅವಳ ಬೈತಲೆ ಸೊಟ್ಟಗೆ ಕಾಣಲು ಶುರುವಾಯಿತು.

ಮದುವೆ ಹಿಂದೂಪುರದಲ್ಲಿ ನಡೆಯಿತು. ಬೀಗರೂಟ ಕಲ್ಯಾಣದುರ್ಗದಲ್ಲಿ. ವ್ಯಾನು ಮಾಡಿಕೊಂಡು ಹೋದೆವು. ಬಿಸಿಲೋ ಬಿಸಿಲು. ಅವರ ಮನೆ ಮುಂದೆ ಶಾಮಿಯಾನ, ಒಂದು ಮೂಲೆಯಲ್ಲಿ ಬಿಚ್ಚಿ ಹಾಕಿದ ಮೋಟಾರುಗಳು, ಇನ್ನೊಂದು ಮೂಲೆಯಲ್ಲಿ ಕಡಲೆಕಾಯಿ ಮೂಟೆ. ನಮ್ಮ ಎರಡು ಮನೆಗಳಲ್ಲೂ ಬೀಗರೂಟ ಆದ ಮೇಲೆ ಹೆಂಗಸರ ಹಾಡಿನ ಪಂದ್ಯ ಇಡುವ ಪದ್ಧತಿ. ಈ ಕಡೆ ಒಂದು, ಆ ಕಡೆ ಒಂದು. ಧಾಟಿ ಎಲ್ಲಿಯದಾದರೂ ಆಗಬಹುದು, ಆದರೆ ಇರುವ ಧಾಟಿಯೇ ಆಗಬೇಕು, ಅಲ್ಲೇ ಕೂತು ಹೊಸದು ಕಟ್ಟುವ ಹಾಗಿಲ್ಲ. ಮಾತು ಬದಲಿಸಿ ಬೀಗರನ್ನು ಎಷ್ಟಾದರೂ ಬೈಯಬಹುದು. ಒಂದು ಕಡೆಯವರು ಹಾಡಿದ್ದನ್ನು ಇನ್ನೊಂದು ಕಡೆಯವರು ಹಾಡಬಾರದು. ಸರದಿ ಬಂದಾಗ ಯಾರ ಬಾಯಲ್ಲಿ ಹಾಡಿಲ್ಲವೋ ಅವರ ತಲೆಗೆ ಓಕುಳಿ ನೀರು.

ನನಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ತಾಳಿ ಬಿದ್ದ ಹುಡುಗಿ ಗಂಡಿನ ಕಡೆಯವರ ಸಾಲಿನಲ್ಲಿ ಕೂರಬೇಕು, ಬಾಯಿ ತೆರೆಯಬಾರದು. ನನ್ನ ನಾದಿನಿ ಎದುರು ಸಾಲಿನಲ್ಲಿ, ಆ ಅಕ್ಕನ ತೊಡೆಗೆ ತೊಡೆ ತಗುಲಿಸಿಕೊಂಡು ಕೂತಿದ್ದಳು. ಅವಳ ಸೆರಗು ಜಾರಿದರೆ ಆ ಹೆಂಗಸೇ ಎತ್ತಿ ಸರಿಮಾಡುತ್ತಿದ್ದಳು. ಅದು ನನ್ನ ಕೆಲಸ! ಆಮೇಲೆ ಕೇಳಿದೆ, ನಾದಿನಿ ಅವಳನ್ನು “ವದಿನಾ” ಅಂತ ಕರೆದಳು. ತೆಲುಗಿನಲ್ಲಿ ಗಂಡನ ಅಕ್ಕನೂ ವದಿನ, ಅಂದರೆ ಅತ್ತಿಗೆಯೇ. ಹೊಟ್ಟೆಗೆ ಒಣಮೆಣಸಿನಕಾಯಿ ಅರೆದು ಹಾಕಿದ ಹಾಗಾಯಿತು.

ಮುದುಕಿಯರು ಹಳೆ ಹಾಡುಗಳಿಂದ ಶುರು ಮಾಡಿದರು. ಅವು ಮುಗಿದವು, ಸಿನಿಮಾ ಧಾಟಿಗಳೂ ಮುಗಿದವು. ಇನ್ನು ಉಳಿದದ್ದು ಕ್ಯಾಸೆಟ್ಟಿನ ಹಾಡು. ಸರದಿ ಅವರದು. ಆ ಅಕ್ಕ ಮೊದಲನೆಯದನ್ನು ಎತ್ತಿಕೊಂಡಳು. ನಾನು ಎರಡನೆಯದು ಎತ್ತಿಕೊಂಡೆ:

“ಬಸ್ಸಿಳಿದ ಬೀಗಿತ್ತಿ ಬಾಗ್ಲಾಗೆ ನಿಂತವ್ಳೆ,
ಬಸ್ಸಾಗೆ ಚಪ್ಲೀಯ ಮರ್ತು ಬಂದವ್ಳೆ!”

ನಮ್ಮವರು ಬಿದ್ದು ಬಿದ್ದು ನಕ್ಕರು. ಆದರೆ ಕೆಳದನಿ ಇಲ್ಲದ ಹಾಡು ಮೂರು ಕಾಲಿನ ಮಂಚ, ಎಲ್ಲಿ ಭಾರ ಬಿಟ್ಟರೂ ಓಲಾಡುತ್ತದೆ. ಹಾಡುತ್ತಾ ನಾದಿನಿಯ ಮುಖ ನೋಡಿದೆ. ಅವಳ ತುಟಿ ಬಿಗಿದಿತ್ತು, ಗಂಟಲು ಮಾತ್ರ ಆಡುತ್ತಿತ್ತು. ಆ ಗಂಟಲನ್ನು ನೋಡಿಕೊಂಡೇ ಹಾಡಿದೆ.

ಅವರು ನಾಲ್ಕು, ನಾವು ನಾಲ್ಕು. ಎಂಟೂ ಮುಗಿದವು. ಕೊನೆಯದು ನನ್ನದು, ಇನ್ನು ಅವರ ಸರದಿ, ಅವರ ಹತ್ತಿರ ಏನೂ ಇಲ್ಲ. ನಾನು ಎದ್ದು ಓಕುಳಿ ಬಿಂದಿಗೆಗೆ ಕೈ ಹಾಕಿಯೂ ಆಗಿತ್ತು. ಆಗ ಆ ಹೆಂಗಸು ಗಂಟಲು ಸರಿಮಾಡಿಕೊಂಡು ಇನ್ನೊಂದು ಹಾಡು ತೆಗೆದಳು. ಅದೇ ಹಾಡುಗಾರ್ತಿಯ ಎಳೆತ, ಅದೇ ಕೊಂಕು. ನಾನು ಒಂದು ಸಲವೂ ಕೇಳದ ಹಾಡು.

“ನಿಲ್ಸಮ್ಮ!” ಅಂದೆ. “ಇದು ಕಟ್ಟಿದ ಹಾಡು. ನಡೆಯಾಕಿಲ್ಲ.”

“ಕಟ್ಟಿದ್ದಲ್ಲ ಕಣಮ್ಮ. ಅದೇ ಕ್ಯಾಸೆಟ್ಟಿಂದು.”

“ಆ ಕ್ಯಾಸೆಟ್ಟು ನನ್ನತ್ರ ಐತೆ. ಬಂದ ದಿನವೇ ತಗಂಡವಳು ನಾನು. ಎಂಟೇ ಹಾಡು. ಅದ್ರಾಗೆ ಇದು ಇದ್ರೆ ಈ ಬಿಂದಿಗೆ ನೀರು ನನ್ನ ತಲೆ ಮೇಲೇ ಹುಯ್ಸ್ಕೋತೀನಿ!”

ಶಾಮಿಯಾನದ ಕೆಳಗಿದ್ದವರೆಲ್ಲ ಕತ್ತು ಚಾಚಿದರು. ಅಡುಗೆಯವರೂ ಸೌಟು ಹಿಡಿದುಕೊಂಡು ಬಂದು ನಿಂತರು. ಆ ಅಕ್ಕ ಜಗಳ ಮಾಡಲಿಲ್ಲ. ಒಳಗೆ ಹೋಗಿ ಕ್ಯಾಸೆಟ್ಟು ತಂದು ನನ್ನ ಅಂಗೈ ಮೇಲಿಟ್ಟಳು. ಅದೇ ಪ್ಯಾಂಟು, ಅದೇ ಮಲ್ಲಿಗೆ, ಅದೇ ಮೋಟಾರ್ ಸೈಕಲ್ಲು. ಮೂಲೆಯಲ್ಲಿ ಮಾತ್ರ ಒಂದು ಹಳದಿ ಪಟ್ಟಿ, ಅದರ ಮೇಲೆ ಇನ್ನೂ ಎರಡು ಹೊಸ ಹಾಡು ಸೇರಿಸಿದೆ ಅಂತ ಅಚ್ಚು. ಅದೇ ಕ್ಯಾಸೆಟ್ಟು, ಆದರೆ ನನ್ನದಲ್ಲ. ಅವಳು ನನಗಿಂತ ಎಷ್ಟೋ ತಡವಾಗಿ ಕೊಂಡಿದ್ದಳು. ತಡವಾಗಿ ಕೊಂಡದ್ದಕ್ಕೇ ಅವಳಿಗೆ ಹೆಚ್ಚು ಸಿಕ್ಕಿತ್ತು.

ಓಕುಳಿ ಹುಯ್ಯುವುದು ಹೊಸ ಸೊಸೆಯ ಕೆಲಸ ಅಂತ ಅವರ ಕಡೆಯ ಯಾರೋ ಕೂಗಿದರು. ನನ್ನ ನಾದಿನಿ ಬಿಂದಿಗೆ ಎತ್ತಿಕೊಂಡು ಬಂದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು, ಯಾವುದು ನಿಜ ಅಂತ ನನಗೆ ಗೊತ್ತಾಗಲಿಲ್ಲ. ಭುಜದ ಮೇಲೆ ಸ್ವಲ್ಪವೇ ಹುಯ್ದಳು. ರೇಷ್ಮೆ ಸೀರೆ ಸೊಂಟದವರೆಗೂ ಕೆಂಪಾಯಿತು. ಗೆದ್ದ ಖುಷಿಗೆ ಆ ಹೆಂಗಸು ಎರಡನೆಯ ಹೊಸ ಹಾಡನ್ನೂ ಹಾಡಿದಳು. ದನಿ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಅಂತ ಹೇಳಲು ಎಷ್ಟು ಸಲ ಬಾಯಿ ತೆರೆದಿದ್ದೇನೋ, ಆಗುವುದಿಲ್ಲ. ಅದಕ್ಕೇ ಇನ್ನೂ ಉರಿ.

ವ್ಯಾನಿನಲ್ಲಿ ಅತ್ತೆ, “ಹಾಡು ಹೋದ್ರೆ ಹೋಯ್ತು, ಸೀರೆ ಹೋಯ್ತಲ್ಲೇ” ಅಂದರು. ನನಗೆ ಹೋದದ್ದು ಸೀರೆಯೂ ಅಲ್ಲ. ಬಿಟ್ಟು ಬಂದಿದ್ದೆವಲ್ಲ ಅವಳನ್ನು, ಆ ಮನೆಯಲ್ಲಿ, ಆ ಎರಡು ಹಾಡಿನ ಜೊತೆ.

ಮಾರನೆಯ ದಿನವೇ ನನ್ನ ಕ್ಯಾಸೆಟ್ಟು ತೆಗೆದುಕೊಂಡು ಬಸ್‌ಸ್ಟ್ಯಾಂಡ್ ಅಂಗಡಿಗೆ ಹೋದೆ.

“ಏನಪ್ಪಾ ಇದು ಅನ್ಯಾಯ? ಮೊದ್ಲು ಕೊಂಡೋರು ಏನ್ ಪಾಪ ಮಾಡಿದ್ವಿ?”

“ಪಾಪ ಏನಿಲ್ಲಕ್ಕಾ. ನೀವು ಮೊದ್ಲು ಕೇಳಿದ್ರಿ, ಅವ್ರು ಜಾಸ್ತಿ ಕೇಳ್ತಾರೆ. ಸರಿಕಿ ಸರಿ.”

“ಯಾವ ಸರಿಕಿ ಸರಿ? ನಾವು ಮೊದ್ಲು ಕೊಂಡಿದ್ಕೇ ಅಲ್ವೇನೋ ಆಯಮ್ಮ ಇನ್ನೊಂದು ಸಲ ಅಚ್ಚು ಹಾಕ್ಸಿದ್ದು? ಯಾರೂ ಕೊಳ್ದೆ ಇದ್ದಿದ್ರೆ ಈ ಹಳ್ದಿ ಪಟ್ಟಿ ಎಲ್ಲಿಂದ ಬರ್ತಿತ್ತು?”

ಅವನು ತಲೆ ಕೆರೆದುಕೊಂಡ. ನಾನು ಬಿಡಲಿಲ್ಲ. ನಮ್ಮ ಹಳ್ಳಿಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಒಬ್ಬಟ್ಟು ಬೆಂದು ಬಂದರೆ, ಎದ್ದುಹೋದವರ ಮನೆಗೆ ಎಲೆಯಲ್ಲಿ ಸುತ್ತಿ ಕಳಿಸುತ್ತಾರೆ. “ನೀವು ಬೇಗ ಉಂಡಿರಿ, ನಿಮ್ಮ ಕರ್ಮ” ಅಂತ ಯಾರೂ ಹೇಳುವುದಿಲ್ಲ. ಇನ್ನೊಂದು ಊಟಕ್ಕೆ ಪೂರ್ತಿ ಬಂದು ಕೂರಿ, ಅನ್ನ ಸಾರಿನಿಂದ ಶುರು ಮಾಡಿ, ಆಗ ಒಬ್ಬಟ್ಟು ಬಡಿಸುತ್ತೇವೆ ಅಂತಲೂ ಹೇಳುವುದಿಲ್ಲ. ಕ್ಯಾಸೆಟ್ಟಿನವರು ಹೇಳುತ್ತಿದ್ದದ್ದು ಅದನ್ನೇ. ಆ ಎರಡೇ ಹಾಡನ್ನು ಒಂದು ಸಣ್ಣ ಕ್ಯಾಸೆಟ್ಟು ಮಾಡಿ ಬಿಟ್ಟಿದ್ದರೆ ನಾನು ಓಡಿಹೋಗಿ ಕೊಳ್ಳುತ್ತಿದ್ದೆ. ಬೇಡ, ಇರುವ ಎಂಟನ್ನೇ ಮತ್ತೆ ಕೊಳ್ಳಬೇಕಂತೆ. ಯಾರನ್ನು ನಂಬಿಕೊಂಡು ಹಾಗೆ ಮಾಡುತ್ತಾರೆ ಹೇಳಿ? ಬಿಡಲಾರದವರನ್ನು. ಆಯಮ್ಮನ ಮೇಲೆ ಪ್ರೀತಿ ಇಲ್ಲದವನಿಗೆ ಹಳದಿ ಪಟ್ಟಿಯಿಂದ ಆಗಬೇಕಾದದ್ದೇನೂ ಇಲ್ಲ.

“ಕೊಡಕ್ಕಾ, ನಿಮ್ಮ ಕ್ಯಾಸೆಟ್ಟಿನ ಕೊನೇಲಿ ಖಾಲಿ ಜಾಗ ಐತೆ. ಎರಡನ್ನೂ ತುಂಬ್ಕೊಡ್ತೀನಿ” ಅಂದ ಅಂಗಡಿಯವನು.

“ಬ್ಯಾಡ ಹೋಗೋ! ತೇಪೆ ಹಾಕಿದ್ದು ನನಗ್ಯಾಕೆ?” ಅಂತ ಬೈದು ಬಂದೆ. ಆ ಕಂಪನಿಗೆ ಇನ್ನು ಒಂದು ಪೈಸೆ ಕೊಟ್ಟರೆ ಕೇಳು ಅಂತ ಗಂಡನ ಮುಂದೆ ಆಣೆಯನ್ನೂ ಮಾಡಿದೆ. ಅವರು ಹೂಂ ಅಂದರು. ಅವರು ಎಲ್ಲಕ್ಕೂ ಹೂಂ ಅನ್ನುವವರೇ.

ಆಮೇಲೆ ಕಲ್ಯಾಣದುರ್ಗದಿಂದ ಬಂದ ಒಬ್ಬರು ನೆಂಟರು ನಮ್ಮ ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ, “ನಿಮ್ಮ ಹುಡ್ಗಿ ಚೆಂದಾಗವ್ಳೆ ಬಿಡಿ. ಸಂಜೆ ಆಯ್ತು ಅಂದ್ರೆ ಅತ್ತಿಗೆ ನಾದಿನೀರು ಬಾಗ್ಲಾಗೆ ಕೂತು ಹಾಡ್ಕೋತಿರ್ತಾರೆ. ಬೀದಿಯೋರೆಲ್ಲ ನಿಂತು ಕೇಳ್ತಾರೆ” ಅಂದರು. ಅತ್ತಿಗೆ ನಾದಿನಿಯರು! ನಾನು ಇಲ್ಲಿ ಬೆಲ್ಲದ ವಾಸನೆಯ ಅಂಗಿ ಒಗೆಯುತ್ತಿದ್ದೇನೆ, ಅಲ್ಲಿ ಅತ್ತಿಗೆ ನಾದಿನಿಯರು ಹಾಡುತ್ತಿದ್ದಾರೆ. ಮಜ್ಜಿಗೆಗೆ ಇನ್ನಷ್ಟು ಉಪ್ಪು ಹಾಕಿ ಕೊಟ್ಟೆ ಆ ಮನುಷ್ಯನಿಗೆ.

ಆಣೆ ಮುರಿದೆ. ಹಿಂದೂಪುರದಲ್ಲಿ ಕೊಂಡರೆ ಅಂಗಡಿಯವನು ಹಲ್ಲು ಕಿರಿಯುತ್ತಾನೆ, ಅದಕ್ಕೆ ಗಡಿ ದಾಟಿ ಗೌರಿಬಿದನೂರಿಗೆ ಬಸ್ಸು ಹತ್ತಿದೆ. ಅತ್ತೆಗೆ ಹಲ್ಲುನೋವಿನ ಔಷಧಿ ತರುತ್ತೇನೆ ಅಂದೆ. ಇರುವ ಎಂಟಕ್ಕೆ ಮತ್ತೆ ದುಡ್ಡು ಕೊಟ್ಟು ಹಳದಿ ಪಟ್ಟಿಯದನ್ನು ತಂದೆ. ಅತ್ತೆ ಮಲಗುವ ಮಧ್ಯಾಹ್ನಗಳಲ್ಲಿ ದನಿ ಸಣ್ಣದಾಗಿಟ್ಟು, ಟೇಪಿಗೆ ಕಿವಿ ಆನಿಸಿ, ಎರಡನ್ನೂ ಕಲಿತೆ. ಒಳ್ಳೆಯ ಹಾಡುಗಳು ಕಣ್ರೀ. ಮೊದಲಿನ ಎಂಟಕ್ಕಿಂತ ಒಂದು ಕೈ ಮೇಲೆ. ಅದರಲ್ಲೂ ಎರಡನೆಯದರಲ್ಲಿ ಮೇಲಿನ ದನಿ ಒಂದು ಕಡೆ ಪೂರ್ತಿ ನಿಂತುಬಿಡುತ್ತದೆ, ಕೆಳದನಿ ಒಂದೇ ನಡೆಯುತ್ತದೆ. ಅಲ್ಲಿ ನಾನು ಬಾಯಿ ಮುಚ್ಚಿ ಕೂರುತ್ತಿದ್ದೆ. ಅವಳು ಬಂದರೆ ಇಲ್ಲಿ ಹೇಗೆ ಹಾಡಿಯಾಳು ಅಂತ ಯೋಚಿಸುತ್ತಿದ್ದೆ.

ಆಷಾಢಕ್ಕೆ ಬಂದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು, ಬೈತಲೆ ತೆಗೆಯುವ ರೀತಿ ಬದಲಾಗಿತ್ತು. ಯಾರದ್ದು ಆ ರೀತಿ ಅಂತ ನನಗೆ ಗೊತ್ತಿತ್ತು. ಊಟವಾಯಿತು, ಮಾತಾಯಿತು. ಪಾತ್ರೆ ಹಾಕಿಕೊಂಡು ಹಿತ್ತಲಲ್ಲಿ ಕೂತೆ. ಅವಳೂ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ನಾನು ಆ ಎರಡನೆಯ ಹೊಸ ಹಾಡನ್ನೇ ಶುರು ಮಾಡಿದೆ. ಮೇಲೆ ಹೋದೆ, ಇಳಿದೆ. ಕೆಳದನಿ ಬರಲಿಲ್ಲ. ಮೇಲಿನ ದನಿ ನಿಲ್ಲುವ ಜಾಗ ಬಂತು. ನಿಂತೆ. ಅವಳು ಒಂದು ತಟ್ಟೆಯನ್ನು ಉಜ್ಜಿದ್ದೇ ಉಜ್ಜುತ್ತಿದ್ದಳು.

“ಯಾಕೆ, ಮರ್ತೋಯ್ತಾ?” ಅಂದೆ.

“ಇಲ್ಲ ಅತ್ಗೆ. ಇದನ್ನ ನಿನ್ ಜೊತೆ ಹಾಡಲ್ಲ.”

“ಯಾಕೇ?”

ತಟ್ಟೆ ಕೆಳಗಿಟ್ಟಳು. “ಅಲ್ಲಿಗೋದ್ಮೇಲೆ ವದಿನ ಎಲ್ಲಾನೂ ಹಾಡಾನ ಬಾ ಅಂದ್ರು. ಎಂಟು ನಮ್ಮತ್ಗೇವು, ಅವನ್ನ ಬೇರೆಯೋರ ಜೊತೆ ಹಾಡಾಕಿಲ್ಲ ಅಂದ್ಬುಟ್ಟೆ. ಬೇಜಾರು ಮಾಡ್ಕೊಳ್ಲಿಲ್ಲ ಅತ್ಗೆ ಅವ್ರು. ಸರಿ ಬಿಡು, ಈ ಎರಡ್ರಾಗೇ ಇರಾನ ಅಂದ್ರು. ದಿನಾ ಅವೆರಡನ್ನೇ ಹಾಡ್ತೀವಿ. ಅವ್ರ ಗಂಡ ಊರಾಗಿರಾಕಿಲ್ಲ, ಅವ್ರಿಗೆ ಬೇರೇನೈತೆ? ಅದನ್ನೂ ನಿನಗೆ ಕೊಟ್ಬುಟ್ರೆ ಅವ್ರಿಗೇನು ಉಳೀತದೆ ಹೇಳು?”

ನನಗಾಗಿ ಎಂಟನ್ನು ಕಾಪಾಡಿಕೊಂಡು ಬಂದಿದ್ದಾಳೆ ಹುಡುಗಿ. ಖುಷಿಪಡಬೇಕು. ಪಟ್ಟೆ ಕೂಡ. “ಸರಿಯಾಗೇ ಮಾಡಿದೆ ಕಣೇ” ಅಂದೆ. ಅವಳ ಮುಖ ಅರಳಿತು. “ಹಾಡು ಮತ್ತೆ, ಮೊದಲನೇದು” ಅಂದಳು.

ಎಂಟನ್ನೂ ಹಾಡಿದೆವು. ಅವಳ ದನಿ ಮೊದಲಿಗಿಂತ ಇಳಿದು, ಗಟ್ಟಿಯಾಗಿ, ಕೇಳಿದವರ ಮೈ ಜುಮ್ಮೆನ್ನುವ ಹಾಗಿತ್ತು. ಆಮೇಲೂ ಪ್ರತಿ ಸಲ ಬಂದಾಗ ಹಾಡಿದ್ದೇವೆ, ಅದೇ ಎಂಟು. ಆ ಇನ್ನೆರಡು ನನಗೆ ಬಾಯಿಪಾಠ, ಮೇಲಿನ ದನಿ ಮಾತ್ರ. ಎರಡನೆಯದರಲ್ಲಿ ಮೇಲಿನವಳು ಸುಮ್ಮನಾಗಿ ಕೆಳಗಿನವಳು ಒಬ್ಬಳೇ ನಡೆಯುವ ಆ ಜಾಗದಲ್ಲಿ ನನ್ನ ನಾದಿನಿ ಹೇಗೆ ಹಾಡುತ್ತಾಳೆ ಅಂತ ನನಗೆ ಗೊತ್ತಿಲ್ಲ. ಕಲ್ಯಾಣದುರ್ಗದವಳಿಗೆ ಗೊತ್ತು.